ವಿಲಾಯತಿ ಬೆಕ್ಕು, ಕುಂಟ ಬೆಕ್ಕು

ನಮ್ಮ ಮನೆಯಲ್ಲಿ ಹಣ್ಣಿಗೆ ಬರವಿರಲಿಲ್ಲ, ತಿನ್ನುವಂತಿರಲಿಲ್ಲ ಅಷ್ಟೇ. ಗೋಕಾಕದ ಗೊಂಬೆಗಾರರ ಓಣಿಯಲ್ಲಿ ನಮ್ಮದು ಮೂರನೆಯ ಮನೆ. ಅಪ್ಪ ಹಗುರ ಕಟ್ಟಿಗೆ ಕೆತ್ತಿ ಮಾವು, ಪೇರಲ, ಸೀತಾಫಲ, ಬಾಳೆಗೊನೆ ಮಾಡುತ್ತಿದ್ದ. ಮನೆಗೆ ಬಂದ ಹೊಸ ನೆಂಟರು ತಟ್ಟೆಯಲ್ಲಿದ್ದ ಪೇರಲಕ್ಕೆ ಕೈ ಹಾಕಿ ಕಚ್ಚುವವರೆಗೂ ಅವ್ವ ಸುಮ್ಮನೆ ನೋಡುತ್ತ ನಿಲ್ಲುತ್ತಿದ್ದಳು. ಆಮೇಲೆ ಚಹಾ ಕೊಡುತ್ತಿದ್ದಳು.

ಅಪ್ಪನದೊಂದು ಕಟ್ಟುನಿಟ್ಟು ಇತ್ತು. ಮಾಡಿದ ಗೊಂಬೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಅದು ಮಾರಾಟಕ್ಕಿಲ್ಲ, ಮಕ್ಕಳ ಆಟಕ್ಕೂ ಇಲ್ಲ, ನೇರ ಒಲೆಗೆ. ಒಮ್ಮೆ ಹದಿನೈದು ದಿನ ಕೂತು ಮಾಡಿದ ಗಿಳಿಯ ಕೊಕ್ಕಿನಲ್ಲಿ ಒಂದು ಸೀಳು ಕಂಡಿತು. ನಾನು ಬೇಡಿಕೊಂಡರೂ ಕೇಳದೆ ಅದನ್ನು ಒಲೆಗೆ ಹಾಕಿದ. "ಊನ ಇದ್ದದ್ದು ನಮ್ಮ ಮನ್ಯಾಗ ಇರಬಾರ್ದವ್ವಾ. ಮಂದಿ ಅದನ್ನ ನೋಡಿ ನಮ್ಮ ಕೈ ಅಳೀತಾರ," ಎಂದ. ನನಗೆ ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ಅವನ ಅಪ್ಪನೂ ಹಾಗೇ ಮಾಡುತ್ತಿದ್ದನಂತೆ.

ಆಗ ನನಗೆ ಒಂಬತ್ತು ವರ್ಷ. ಮೂರು ವರ್ಷದವಳಿದ್ದಾಗ ಬಂದ ಜ್ವರವೊಂದು ನನ್ನ ಎಡಗಾಲನ್ನು ಸೊರಗಿಸಿ, ಪಾದವನ್ನು ಒಳಕ್ಕೆ ತಿರುಚಿ ಹೋಗಿತ್ತು. ಮನೆಯಲ್ಲಿ ಯಾರೂ ಆ ಸುದ್ದಿ ಎತ್ತುತ್ತಿರಲಿಲ್ಲ. ಆದರೆ ಗಿಳಿ ಸುಟ್ಟ ದಿನದಿಂದ ಅಪ್ಪನ ಎದುರು ಕೂರುವಾಗ ನಾನು ಎಡಗಾಲನ್ನು ಪರಕಾರದ ನೆರಿಗೆಯೊಳಗೆ ಮುಚ್ಚಿಕೊಂಡು ಕೂರತೊಡಗಿದೆ. ನನಗೆ ನಿಜವಾಗಿಯೂ ಭಯವಾಗಿತ್ತು.

ಅದೇ ಮಳೆಗಾಲದಲ್ಲಿ ಕುಂಟ ಬೆಕ್ಕು ಬಂತು. ಗಿರಣಿಗೆ ಅರಳೆ ಒಯ್ಯುವ ಚಕ್ಕಡಿಯ ಗಾಲಿಗೆ ಸಿಕ್ಕು ಅದರ ಹಿಂದಿನ ಬಲಗಾಲು ಜಜ್ಜಿತ್ತು. ಒಂದು ಕಿವಿ ಮೊದಲೇ ಹರಿದಿತ್ತು. ಗಾಡಿಯವನು ಬಾರುಕೋಲಿನಿಂದ ಅದನ್ನು ಗಟಾರದ ಕಡೆ ಸರಿಸಿ ಹೋಗಿಬಿಟ್ಟ. ನಾನು ಅದನ್ನು ಉಡಿಯಲ್ಲಿ ಹಾಕಿಕೊಂಡು ಮನೆಗೆ ತಂದೆ. ಅವ್ವ ಅರಿಶಿನ ಮೆತ್ತಿ, ಗೊಂಬೆಗೆ ಸುತ್ತುವ ಹಳೇ ಅರಿವೆಯನ್ನೇ ಕಾಲಿಗೆ ಸುತ್ತಿದಳು. ಕಾಲು ಮಾಯಿತು, ನೆಟ್ಟಗಾಗಲಿಲ್ಲ. ಬಣ್ಣವೆಂದರೆ ಬೂದಿಯ ಬಣ್ಣ. ನೋಡಿದವರು ಇನ್ನೊಮ್ಮೆ ನೋಡುವಂಥದ್ದೇನೂ ಅದರಲ್ಲಿರಲಿಲ್ಲ.

ಆಗಲೇ ಮೂಡಲಗಿಯ ದೊಡ್ಡ ವರ್ತಕರೊಬ್ಬರಿಂದ ಅಪ್ಪನಿಗೆ ಕೆಲಸ ಬಂದಿತ್ತು. ಮಗಳ ಮದುವೆಯ ರುಖವತಕ್ಕೆ, ಅಂದರೆ ಹೆಣ್ಣಿನ ಕಡೆಯವರು ಮಂಟಪದಲ್ಲಿ ಹರವಿ ತೋರಿಸುವ ಸಾಮಾನಿಗೆ, ಇಪ್ಪತ್ತೊಂದು ಬಗೆಯ ಹಣ್ಣು ಮತ್ತು ಐದು ಜೋಡಿ ಗಿಳಿ. ದೀಪಾವಳಿಯೊಳಗೆ ಮುಟ್ಟಿಸಬೇಕು. ಐದು ಊರಿನ ಮಂದಿ ನೋಡುವ ಕೆಲಸ. ಚೆನ್ನಾಗಿ ಆದರೆ ಅಪ್ಪನ ಕೈಗೆ ಹೆಸರು, ಕೆಟ್ಟರೆ ಮುಂದೆ ಆ ಕಡೆಯವರು ಯಾರೂ ನಮ್ಮ ಓಣಿಗೆ ಬರುವುದಿಲ್ಲ.

ಅಡ್ಡಿಯಾದದ್ದು ಇಲಿ. ನಮ್ಮ ಕೆಲಸದಲ್ಲಿ ಕೆತ್ತಿದ ಕಟ್ಟಿಗೆಯ ಮೇಲೆ ಹುಣಸೆಬೀಜ ಅರೆದು ಕುದಿಸಿದ ಅಂಟಿನಿಂದ ಹಳೇ ಅರಿವೆ ಮೆತ್ತಿ, ಮೇಲೆ ಬಿಳಿಮಣ್ಣು ಬಳಿದು, ಒಣಗಿದ ಮೇಲೆ ಬಣ್ಣ ಹಚ್ಚುತ್ತಾರೆ. ಆ ಅಂಟು ಇಲಿಗಳಿಗೆ ಹಬ್ಬದೂಟ. ಬೆಳಿಗ್ಗೆ ಎದ್ದರೆ ಮಾವಿನಹಣ್ಣಿನ ತೊಟ್ಟು ಮಾಯ, ಗಿಳಿಯ ಬೆನ್ನು ಬೋಳು. ಅಪ್ಪ ತಲೆ ಮೇಲೆ ಕೈಹೊತ್ತು ಕೂತ.

ಹುಕ್ಕೇರಿಯಲ್ಲಿ ಒಬ್ಬ ಮುದುಕ ವಿಲಾಯತಿ ಬೆಕ್ಕು ಸಾಕಿ ಮಾರುತ್ತಾನೆಂದು ಯಾರೋ ಹೇಳಿದರು. ಬೆಳಗಾವಿ ಕ್ಯಾಂಪಿನಲ್ಲಿ ಸಾಹೇಬನೊಬ್ಬನ ಅಡುಗೆಯವನಾಗಿದ್ದವನು. ಸಾಹೇಬ ಊರಿಗೆ ಮರಳುವಾಗ ಒಂದು ಜೋಡಿ ಬೆಕ್ಕು ಇವನಿಗೆ ಬಿಟ್ಟುಹೋಗಿದ್ದ. ಅಪ್ಪ ಒಂದು ಬುಟ್ಟಿ ಕಟ್ಟಿಗೆಯ ಹಣ್ಣು ತಗೊಂಡು ಹೊರಟ, ನಾನೂ ಬೆನ್ನು ಹತ್ತಿದೆ. ಮುದುಕ ಬೆಕ್ಕು ತೋರಿಸುವ ಮೊದಲು ಅದರ ವಂಶ ಹೇಳಿದ.

"ಇದರ ಮುತ್ತ್ಯಾ ಹಡಗಿನ್ಯಾಗ ಬಂದಾವ್ರೀ. ಅಜ್ಜಿ ಗೋರಾ ಸಾಹೇಬರ ಗಾದಿ ಮ್ಯಾಲ ಮಲಗಿದಾಕಿ. ನಮ್ಮ ನಿಮ್ಮ ಖಾನದಾನ ಯಾರ್ ಕೇಳ್ತಾರ್ರೀ, ಇದರದು ನನಗ ಬಾಯಿಪಾಠ ಐತಿ."

ಆಮೇಲೆ ಅವನು ಪರದೆ ಸರಿಸಿದ. ನಾನು ಉಸಿರು ಹಿಡಿದು ನಿಂತೆ. ಹೊಸದಾಗಿ ಹಿಂಜಿದ ಅರಳೆಯಂಥ ಮೈ, ತಾಮ್ರದ ಬಣ್ಣದ ಕಣ್ಣು, ನೆಲ ಗುಡಿಸುವಷ್ಟು ಉದ್ದದ ಬಾಲ. ಅಷ್ಟು ಚೆಂದದ ಜೀವವನ್ನು ನಾನು ಅದುವರೆಗೆ ನೋಡಿರಲಿಲ್ಲ, ಆಮೇಲೂ ಹೆಚ್ಚು ನೋಡಿಲ್ಲ. ಅಪ್ಪ ಮೊಣಕಾಲೂರಿ ಅದರ ಮುಖದ ಗೆರೆಗಳನ್ನು ಗಾಳಿಯಲ್ಲೇ ಬೆರಳಿನಿಂದ ಬರೆಯುತ್ತಿದ್ದ. "ಒಂದ ಊನ ಇಲ್ಲ ನೋಡು," ಎಂದು ನನಗೆ ಪಿಸುಗುಟ್ಟಿದ. ಮುದುಕ ಬುಟ್ಟಿಯೊಳಗಿನ ಪೇರಲ ಕಚ್ಚಿ, ಹಲ್ಲು ಸವರಿಕೊಂಡು, ಹಣದ ಮಾತೇ ಎತ್ತದೆ ಈ ಬುಟ್ಟಿ ಹಣ್ಣಿಗೆ ಒಂದು ಬೆಕ್ಕು ಎಂದ. ಕಟ್ಟಿಗೆಯ ಹಣ್ಣಿನಿಂದ ಮಂದಿಯನ್ನು ಬೇಸ್ತು ಬೀಳಿಸುತ್ತಿದ್ದ ಅಪ್ಪ ಅಂದು ತಾನೇ ಬೇಸ್ತು ಬಿದ್ದನೆಂದು ಅವ್ವ ಮುಂದೆ ಎಷ್ಟೋ ಸಲ ಆಡಿಕೊಂಡಳು.

ವಿಲಾಯತಿ ಬಂದ ವಾರದಲ್ಲೇ ಇಲಿಯ ಕಾಟ ಇಳಿಯಿತು. ಕುಂಟನ ಕಾಲು ಮಾದು ಅದು ಓಡಾಡತೊಡಗಿದ್ದೂ ಅದೇ ವಾರ. ಕೀರ್ತಿಯೆಲ್ಲ ಯಾರಿಗೆ ಹೋಯಿತೆಂದು ಬೇರೆ ಹೇಳಬೇಕಿಲ್ಲ. ಓಣಿಯ ಮಂದಿ ವಿಲಾಯತಿಯನ್ನು ನೋಡಲು ಸಾಲುಗಟ್ಟಿ ಬಂದರು. ಅಪ್ಪ ಅದಕ್ಕೆ ತನ್ನ ಪಾಲಿನ ಹಾಲು ಬಿಟ್ಟುಕೊಟ್ಟ. ಬಂದವರ ಕಾಲಿಗೆ ಕುಂಟ ಬೆಕ್ಕು ಅಡ್ಡ ಬಂದಾಗ ಮಾತ್ರ ಅವನ ಮುಖ ಸಣ್ಣದಾಗುತ್ತಿತ್ತು.

ಒಂದು ಬೆಳಿಗ್ಗೆ ಅವನು ಕುಂಟನನ್ನು ಚೀಲಕ್ಕೆ ಹಾಕಿದ. "ಹೊಳಿ ದಾಟಿಸಿ ಬರ್ತೀನಿ. ಹೊಳಿ ದಾಟಿದ ಬೆಕ್ಕು ಹೊಳ್ಳಿ ಬರೂದಿಲ್ಲ."

"ಯಾಕ್ರೀ? ಅದೇನ್ ಮಾಡೈತಿ?" ಎಂದಳು ಅವ್ವ.

"ಮನೀಗೆ ಮಂದಿ ಬರ್ತಾರ. ಊನ ಇದ್ದದ್ದು ಕಣ್ಣಿಗೆ ಬೀಳಬಾರ್ದು."

ಅವ್ವ ಮೊದಲು ಅವನನ್ನು ನೋಡಿದಳು, ಆಮೇಲೆ ನನ್ನ ಕಡೆ ನೋಡಿ ಥಟ್ಟನೆ ಒಳಗೆ ಹೋದಳು. ಅಪ್ಪನಿಗೆ ತಾನೇನು ಆಡಿದೆನೆಂಬುದು ತಿಳಿದಿರಲಿಕ್ಕಿಲ್ಲ. ನಾನು ಕಾಲು ಮುಚ್ಚಿಕೊಂಡು ಮಧ್ಯಾಹ್ನದವರೆಗೂ ಕೂತಲ್ಲೇ ಕೂತಿದ್ದೆ. ನನ್ನನ್ನು ಯಾವಾಗ ಹೊಳೆ ದಾಟಿಸುತ್ತಾರೆ ಎಂದು ಯೋಚಿಸುತ್ತಿದ್ದೆ.

ಹೊಳೆ ಬಂಡೆಯಿಂದ ಧುಮುಕುವ ಧಬಧಬೆಯ ನೆತ್ತಿಯ ಮೇಲಿನ ತೂಗುಸೇತುವೆ ದಾಟಿ, ಕೊಣ್ಣೂರ ಕಡೆಯ ದಂಡೆಯಲ್ಲಿ ಬೆಕ್ಕನ್ನು ಬಿಟ್ಟು ಅಪ್ಪ ಬಂದ. ಮೂರನೆಯ ದಿನ ಎರಡು ಗಿಳಿ ಹೋದವು, ಐದನೆಯ ದಿನ ಸೀತಾಫಲ. ವಿಲಾಯತಿ ಒಣಗಲು ಇಟ್ಟ ಹಣ್ಣುಗಳ ನಡುವೆಯೇ ಮಲಗಿರುತ್ತಿತ್ತು. ಅದರ ಹಾಸಿಗೆಯ ಪಕ್ಕದಲ್ಲಿದ್ದ ಮಾವನ್ನೇ ಇಲಿ ಕೊರೆದಿತ್ತು. ಅಪ್ಪ ಅದನ್ನೆತ್ತಿ ಒಲೆಗೆ ಹಾಕಿದ. ಅವ್ವ ರೊಟ್ಟಿ ತಟ್ಟುತ್ತ, "ಇಲಿಗೋಳು ಅದರ ಖಾನದಾನ ಕೇಳ್ಯಾವೋ ಇಲ್ಲೋ," ಎಂದಳು.

ಒಂಬತ್ತನೆಯ ದಿನ ಅಪ್ಪ ಕಟ್ಟಿಗೆಗೆಂದು ಕೊಣ್ಣೂರಿಗೆ ಹೊರಟ. ಧಬಧಬೆ ತುಂಬಿದೆಯಂತೆ, ನೋಡಬೇಕು ಎಂದು ಹಟ ಹಿಡಿದು ನಾನೂ ಟಾಂಗಾ ಹತ್ತಿದೆ. ನನಗೆ ನೋಡಬೇಕಾಗಿದ್ದದ್ದು ಬೇರೆ. ಘಟಪ್ರಭೆ ಕೆಂಪಗೆ ತುಂಬಿ, ಬಂಡೆಯ ಅಂಚಿನಿಂದ ಕೆಳಗೆ ಬೀಳುವ ಸದ್ದಿಗೆ ಎದೆಯೊಳಗಿನ ಎಲುಬು ನಡುಗುತ್ತಿದ್ದವು. ಸೇತುವೆಯ ನಮ್ಮ ತುದಿಯಲ್ಲಿ ಶೇಂಗಾ ಮಾರುವ ಮುದುಕಿಯೊಬ್ಬಳು ಕೂತಿದ್ದಳು. ದಿನಾ ಆಚೆಯಿಂದ ಬಂದುಹೋಗುವವಳು. ನಾನು ಬೆಕ್ಕಿನ ಸುದ್ದಿ ಕೇಳಿದೆ.

"ಕುಂಟ ಬೆಕ್ಕಲ್ಲವಾ? ಎಂಟ ದಿನ ಆತು. ದಿನಾ ಆಚೀ ತುದೀಗೆ ಬಂದು ಕುಂದರ್ತೈತಿ. ನಾಲ್ಕ ಹೆಜ್ಜಿ ಇಡತೈತಿ, ಪೂಲ್ ಅಲಗ್ಯಾಡಿದ್ ಕೂಡ್ಲೆ ಹೊಳ್ಳಿ ಹೋಗತೈತಿ. ಅಗಾ, ಅಲ್ಲಿ ನೋಡು."

ಆಚೆ ತುದಿಯಲ್ಲಿ ಬೂದಿ ಬಣ್ಣದ ಚುಕ್ಕೆಯೊಂದು ಕಂಡಿತು. ನಾನು ಕೂಗಿದೆ. ಆ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ. ಆದರೂ ಚುಕ್ಕೆ ಎದ್ದಿತು.

ಆ ಸೇತುವೆಯ ಹಲಗೆಗಳ ಸಂದಿಯಲ್ಲಿ ನೀರು ಕಾಣುತ್ತದೆ, ಗಂಡಸರೂ ಹಗ್ಗ ಹಿಡಿದೇ ನಡೆಯುತ್ತಾರೆ. ಬೆಕ್ಕು ಮೂರು ಕಾಲಿನ ಮೇಲೆ ಬರುತ್ತಿತ್ತು. ಗಾಳಿ ಬೀಸಿ ಸೇತುವೆ ತೂಗಿದಾಗ ಹಲಗೆಗೆ ಮೈ ಅಂಟಿಸಿ ಮಲಗುತ್ತಿತ್ತು. ತೂಗಾಟ ನಿಂತಾಗ ಎದ್ದು ಮತ್ತೆ ಹತ್ತು ಹೆಜ್ಜೆ. ನಡುಮಧ್ಯದಲ್ಲಿ ಕುಂಟುಗಾಲು ಸಂದಿಗೆ ಸಿಕ್ಕಿತು. ನನ್ನ ಭುಜದ ಮೇಲಿದ್ದ ಅಪ್ಪನ ಕೈ ಬಿಗಿಯಾಯಿತು. ಬೆಕ್ಕು ಅವಸರ ಮಾಡಲಿಲ್ಲ, ಒದ್ದಾಡಲಿಲ್ಲ. ಕಾಲನ್ನು ಮೆಲ್ಲಗೆ ತಿರುಗಿಸಿ ಹೊರತೆಗೆದು, ಅದನ್ನೊಮ್ಮೆ ನೆಕ್ಕಿ, ಮುಂದೆ ನಡೆಯಿತು. ನಮ್ಮ ಕಡೆಯಿಂದ ಹೊರಟಿದ್ದ ಇಬ್ಬರು ಗಿರಣಿ ಕೆಲಸಗಾರರು ಅಲುಗಾಡದೆ ನಿಂತುಬಿಟ್ಟರು. ಶೇಂಗಾ ಮುದುಕಿ ಕೈ ಮುಗಿದಳು. ನಾನು ಮುಂದೆ ಎಷ್ಟೋ ಯಾತ್ರೆ ಮಾಡಿದ್ದೇನೆ, ಗರ್ಭಗುಡಿಗಳ ಮುಂದೆ ನಿಂತಿದ್ದೇನೆ. ಅಂದು ಮೈಮೇಲೆ ಎದ್ದ ಮುಳ್ಳು ಮತ್ತೆ ಎಲ್ಲೂ ಏಳಲಿಲ್ಲ.

ಈಚೆ ತುದಿಗೆ ಬಂದ ಬೆಕ್ಕು ನಮ್ಮಿಬ್ಬರನ್ನೂ ಕಣ್ಣೆತ್ತಿಯೂ ನೋಡದೆ, ನಮ್ಮನ್ನು ದಾಟಿ, ಗೋಕಾಕದ ದಾರಿ ಹಿಡಿಯಿತು. ಅಪ್ಪ ಅದರ ಹಿಂದೆ ಹೋದ. ನಡುರಸ್ತೆಯಲ್ಲಿ, ಅಷ್ಟು ಮಂದಿಯ ಮುಂದೆ, ತಲೆಯ ಮೇಲಿನ ರುಮಾಲು ಬಿಚ್ಚಿ, ಬೆಕ್ಕನ್ನು ಅದರಲ್ಲಿ ಸುತ್ತಿ ಎದೆಗೆ ಎತ್ತಿಕೊಂಡ. ಅಪ್ಪ ಬರಿದಲೆಯಲ್ಲಿ ಹೊರಗೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಟ್ಟಿಗೆ ತರದೆ ಮನೆಗೆ ಬಂದೆವು.

ಇಲಿಗಳ ಕಥೆ ನಾಲ್ಕು ದಿನದಲ್ಲಿ ಮುಗಿಯಿತು. ಅಪ್ಪ ಹಗಲಿಡೀ ಕೂತು ಕೆಟ್ಟದ್ದನ್ನೆಲ್ಲ ಮತ್ತೆ ಮಾಡಿದ, ಸಾಮಾನು ದೀಪಾವಳಿಗೆ ಮೊದಲೇ ಮೂಡಲಗಿ ಮುಟ್ಟಿತು. ವಿಲಾಯತಿಯೂ ಬಿಟ್ಟಿ ಉಣ್ಣಲಿಲ್ಲ. ಅದರ ಉದುರಿದ ಕೂದಲನ್ನು ಅಪ್ಪ ಆರಿಸಿ ಕುಂಚ ಕಟ್ಟಿದ. ಅಂಥ ನಯವಾದ ಗೆರೆ ಎಳೆಯುವ ಕುಂಚ ಓಣಿಯಲ್ಲಿ ಬೇರಾರ ಹತ್ತಿರವೂ ಇರಲಿಲ್ಲ. ಎರಡು ಬೆಕ್ಕೂ ಒಂದೇ ಗೋಣಿಯ ಮೇಲೆ ಮಲಗುತ್ತಿದ್ದವು.

ಮದುವೆಯ ಗಡಿಬಿಡಿ ಮುಗಿದ ಮೇಲೆ ಅಪ್ಪ ಯಾರೂ ಮಾಡಲು ಹೇಳದ ಗೊಂಬೆಯೊಂದನ್ನು ಮಾಡಿದ. ಬೂದಿ ಬಣ್ಣದ ಬೆಕ್ಕು, ಹರಿದ ಕಿವಿ, ಮಡಚಿದ ಹಿಂಗಾಲು. ಮೀಸೆಯ ಗೆರೆಗಳನ್ನು ಆ ಹೊಸ ಕುಂಚದಿಂದಲೇ ಎಳೆದಿದ್ದ. ತಂದು ನನ್ನ ಕೈಯಲ್ಲಿಟ್ಟ. ನಾನು ತಿರುಗಿಸಿ ಮುರುಗಿಸಿ ನೋಡಿದೆ. ತಪ್ಪು ಕಾಣಿಸಿತು. ಕಂಡದ್ದನ್ನು ಕಂಡ ಹಾಗೆ ಮಾಡುವುದರಲ್ಲಿ ಒಮ್ಮೆಯೂ ತಪ್ಪದ ಕೈ ಅದು.

"ಅಪ್ಪಾ, ನಮ್ಮ ಬೆಕ್ಕಿಂದು ಬಲಗಾಲ ಕುಂಟ ಐತಿ. ನೀ ಎಡಗಾಲ ಮಾಡೀದಿ."

ಅಪ್ಪ ಉಳಿ ಒರೆಸುತ್ತ ತಲೆ ಎತ್ತಲಿಲ್ಲ. "ನನಗ ಗೊತ್ತೈತಿ," ಎಂದ. "ಪಡಸಾಲಿ ಗ್ವಾಡಿ ನಡುಗೂಡಿನ್ಯಾಗ ಇಡು. ಬಂದ ಮಂದಿಗೆಲ್ಲಾ ಕಾಣಬೇಕು."

ನಾನು ಎದ್ದು, ಕಾಲು ಮುಚ್ಚಿಕೊಳ್ಳದೆ ನಡೆದುಹೋಗಿ, ಅದನ್ನು ನಡುಗೂಡಿನಲ್ಲಿಟ್ಟು ಬಂದೆ.