ಕೇಳದಿದ್ದರೂ ಇಲ್ಲ ಎನ್ನುವವನು
ನಮ್ಮ ಮಾಳಿಗೆಯ ಬಾಡಿಗೆಯವನು ಆಸ್ಪತ್ರೆಗಳಿಗೆ ಪ್ರೋಗ್ರಾಂ ಬರೆಯುತ್ತಾನೆ. ಅವನ ಲೋಕದಲ್ಲಿ ಇರುವುದು ಎರಡೇ, ಹೌದು ಮತ್ತು ಇಲ್ಲ. ನೀರು ಬಂತೇನೋ ಎಂದರೆ ನಲ್ಲಿ ತಿರುಗಿಸದೆಯೇ ಇಲ್ಲ ಎನ್ನುತ್ತಾನೆ. ಅಂಚೆಯವನು ಬಂದಿದ್ದನೇ ಎಂದರೆ ಕಿಟಕಿ ತೆರೆಯದೆಯೇ ಇಲ್ಲ. "ನೋಡಿಲ್ಲ ಅಂದ್ರೂ ಇಲ್ಲಾನೇ ಅಜ್ಜಿ," ಎಂದು ನಗುತ್ತಾನೆ. ಮೊನ್ನೆಯವರೆಗೆ ನಾನೂ ನಗುತ್ತಿದ್ದೆ. ಮೊನ್ನೆ ನನ್ನ ತಂಗಿಯನ್ನು ಆಸ್ಪತ್ರೆಗೆ ಸೇರಿಸಿದಾಗ ಔಷಧದ ಅಲರ್ಜಿ ಇದೆಯೇ ಎಂದು ಯಾರೂ ಕೇಳಲಿಲ್ಲ. ಅಲ್ಲಿನ ಕಂಪ್ಯೂಟರಿನಲ್ಲಿದ್ದ ಇವನ ಪ್ರೋಗ್ರಾಂ ಆ ಖಾಲಿ ಜಾಗಕ್ಕೆ ತಾನಾಗಿ 'ಇಲ್ಲ' ಎಂದು ತುಂಬಿತು. ನರ್ಸ್ ಅದನ್ನೇ ನಂಬಿ, ಹಿಂದೊಮ್ಮೆ ತಂಗಿಯ ಉಸಿರು ಕಟ್ಟಿಸಿದ್ದ ಔಷಧವನ್ನೇ ಸೂಜಿಗೆ ಎಳೆದಿದ್ದಳು. ನಾನು ನರ್ಸಿನ ಕೈ ಹಿಡಿದು ತಡೆದೆ. ಮನೆಗೆ ಬಂದವಳೇ ಮಾಳಿಗೆ ಹತ್ತಿ ಬೈದೆ. "ಗೊತ್ತಿಲ್ಲ ಅಂತ ಮೂರನೇದು ಇಟ್ರೆ ಎಲ್ಲಾ ಕಡೆ ಅದನ್ನೂ ವಿಚಾರಿಸ್ಕೋಬೇಕು ಅಜ್ಜಿ, ತಲೆನೋವು," ಎಂದ. ಗೂಟದಲ್ಲಿ ಅವನ ಹೆಂಡತಿಯ ಕೊಡೆ ತೂಗುತ್ತಿತ್ತು. ಜಗಳವಾಡಿ ತವರಿಗೆ ಹೋದವಳು, ಏಳು ತಿಂಗಳಾಯಿತು. "ವಾಪಸ್ ಬರ್ತಾಳೇನೋ?" ಎಂದೆ. ಕೊಡೆಯತ್ತ ನೋಡಿ, "ಅವಳಿನ್ನೂ ಏನೂ ಹೇಳಿಲ್ಲ," ಎಂದ. "ಹಾಗಿದ್ರೆ ಇಲ್ಲ ಅಂತ ಬರ್ಕೋ," ಎಂದೆ. ಅವನ ಮುಖ ನೋಡಲು ಆಗಲಿಲ್ಲ, ಆದರೂ ನಾನು ಕೆಳಗಿಳಿಯಲಿಲ್ಲ. ಅವನು ಕಂಪ್ಯೂಟರಿನಲ್ಲಿ ಆ ಪ್ರೋಗ್ರಾಂ ತೆರೆಯುವವರೆಗೂ ಅಲ್ಲೇ ಕುಳಿತಿದ್ದೆ.