ಧಣಿಯನ್ನು ನುಂಗದ ಮೋಟಾರು

ಮಾನ್ವಿಯ ಉಮ್ಮೇ ಕುಲ್ಸುಮಳಿಗೆ ಹಟಮಾರಿ ಎಂಬ ಹೆಸರು ಬಂದದ್ದು ಒಂದು ಮುರುಕು ಮೋಟಾರಿನಿಂದ. ಅದಕ್ಕೂ ಮೊದಲು ಓಣಿಯವರು ಅವಳ ದನಿಯನ್ನೇ ಸರಿಯಾಗಿ ಕೇಳಿರಲಿಲ್ಲ. ಯಾಪಲದಿನ್ನಿಯಿಂದ ಸೊಸೆಯಾಗಿ ಬಂದವಳು, ಕೌದಿ ಹೊಲಿಯುವುದರಲ್ಲಿ ಚುರುಕು, ಮಾತಿನಲ್ಲಿ ಮಿತ. ಸುಮ್ಮನಿರುವವರಿಗೆ ಮಾತೇ ಬರುವುದಿಲ್ಲ ಎಂದು ತಿಳಿಯುವುದು ಊರಿನ ಹಳೇ ಚಾಳಿ.

ಗಂಡ ಅಮೀರ್ ಸಾಬ್ ಮಾನ್ವಿಗೂ ರಾಯಚೂರಿಗೂ ನಡುವೆ ಬಾಡಿಗೆ ಮೋಟಾರು ಓಡಿಸುತ್ತಿದ್ದ. ಐವರು ಕೂಡುವ ಗಾಡಿಯಲ್ಲಿ ಒಂಬತ್ತು ಮಂದಿಯನ್ನು ತುರುಕುತ್ತಿದ್ದ ನಿಜ, ಆದರೆ ಒಬ್ಬರ ಮೈಗೂ ಗೀರು ಬೀಳಗೊಟ್ಟವನಲ್ಲ. ಒಂದು ಸಂಜೆ ಖಾಲಿ ಗಾಡಿ ತರುತ್ತಿದ್ದಾಗ ಕುರಿ ಹಿಂಡು ಅಡ್ಡ ಬಂತು. ಕುರಿಗಳನ್ನು ಉಳಿಸಲು ಹೋಗಿ ಬೇವಿನ ಮರಕ್ಕೆ ಗುದ್ದಿದ. ಎಡಗಡೆಯ ದೀಪ ಒಡೆಯಿತು, ಮಡ್‌ಗಾರ್ಡು ಮಡಚಿಕೊಂಡಿತು, ಒಂದು ಬಾಗಿಲು ಮುಚ್ಚದಾಯಿತು. ಅವನು ದೂಳು ಕೊಡವಿಕೊಂಡು ಅದೇ ಗಾಡಿಯಲ್ಲಿ ಮನೆಗೆ ಬಂದು, ಅಂದು ಎರಡು ರೊಟ್ಟಿ ಹೆಚ್ಚೇ ತಿಂದ. ಯುದ್ಧದ ಕಾಲ. ರಿಪೇರಿಗೆ ಸಾಮಾನಿಲ್ಲ, ಪೆಟ್ರೋಲಿಗೆ ಕೂಪನ್ನು. ಗಾಡಿ ಮನೆಯ ಮುಂದೆ ನಿಂತಲ್ಲೇ ನಿಂತಿತು. ಮರುವರ್ಷ ವಾರಗಟ್ಟಲೆ ಬಿಡದ ಮುದ್ದತಿನ ಜ್ವರ ಬಂದು ಅಮೀರ್ ಸಾಬ್ ತೀರಿಕೊಂಡ.

ಮರಕ್ಕೂ ಜ್ವರಕ್ಕೂ ಏನು ಸಂಬಂಧ? ಆದರೆ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಬಾವಿಕಟ್ಟೆಯಲ್ಲಿ ಯಾರೋ ‘ಆ ಗಾಡಿ ಧಣೀನ್ನ ನುಂಗ್ತು’ ಎಂದರು. ಸಂತೆಯ ಹೊತ್ತಿಗೆ ಅದು ಎಲ್ಲರೂ ಕಣ್ಣಾರೆ ಕಂಡ ಸಂಗತಿಯಾಗಿತ್ತು. ಕುಡಿದು ಗುದ್ದಿದ್ದನಂತೆ ಎಂಬ ಬಾಲವೂ ಬೆಳೆಯಿತು. ಹೆಂಡ ಮುಟ್ಟದ ಮನುಷ್ಯನ ಮೇಲೆ! ಪರದೆಯ ಹಿಂದೆ ಕುಳಿತು ಇದನ್ನು ಕೇಳಿದ ಉಮ್ಮೇ ಕುಲ್ಸುಮಳ ಮೈ ಉರಿಯಿತು.

ವಿಧವೆ ಮನೆಯೊಳಗೇ ಇರಬೇಕಾದ ಇದ್ದತ್ತಿನ ದಿನಗಳು ಮುಗಿದ ಮೇಲೆ ಮೋಟಾರು ಮಾರಿ ಎರಡು ಎಮ್ಮೆ ಕಟ್ಟಬೇಕೆಂದು ನಿರ್ಧರಿಸಿದಳು. ಮಗಳು ವಾಹಿದಾ ಇನ್ನೂ ಚಿಕ್ಕವಳು. ಕೌದಿಯ ಸಂಪಾದನೆ ಜೋಳಕ್ಕೇ ಸಾಲದು. ರಾಯಚೂರಿನಿಂದ ಗಂಡನ ಗೆಳೆಯ, ಮಿಸ್ತ್ರಿ ಶಂಶುದ್ದೀನನನ್ನು ಕರೆಸಿದಳು. ಅವನು ಇಂಜಿನ್ನು ಚಾಲೂ ಮಾಡಿ ನೋಡಿ, ‘ಗಾಡಿ ಸಾಬೂತ ಇದ್ದಿದ್ರ ಈಗಿನ ಕಾಲಕ್ಕ ಹನ್ನೆರಡುನೂರು ಬರ್ತಿತ್ತು ಭಾಭೀ. ದೀಪ, ಬಾಗಲಾ, ಮಡ್‌ಗಾರ್ಡು ಸೇರಿ ಇನ್ನೂರೈವತ್ತು ಖರ್ಚದ. ಒಂಬೈನೂರೈವತ್ತು ನ್ಯಾಯದ ಮಾತು,’ ಎಂದ. ಅವಳು ಆ ಮಾತನ್ನು ಗಂಟು ಹಾಕಿಕೊಂಡಳು.

ಕೊಳ್ಳಲು ಬಂದವನು ದೇವದುರ್ಗದ ಹತ್ತಿ ವ್ಯಾಪಾರಿ ಮಹಾಂತಯ್ಯ. ಕರೆತಂದವನು ಗಡಿಗೆಪ್ಪ, ದನದ ಸಂತೆಯ ದಲಾಲಿ. ಮಾನ್ವಿಯಲ್ಲಿ ಮೋಟಾರಿನ ದಲಾಲಿ ಎಲ್ಲಿಂದ ಬರಬೇಕು? ಗಡಿಗೆಪ್ಪ ಎತ್ತಿನ ಸುತ್ತ ತಿರುಗಿದಂತೆಯೇ ಗಾಡಿಯ ಸುತ್ತ ತಿರುಗಿದ. ಟೈರು ಒದ್ದ. ನಜ್ಜುಗುಜ್ಜಾದ ಜಾಗ ಸವರಿ, ‘ಕೆಟ್ಟ ಸುಳಿ ಬಿದ್ದದ,’ ಎಂದು ಲೊಚಗುಟ್ಟಿದ. ಆಮೇಲೆ ಹೆಗಲ ಮೇಲಿನ ವಲ್ಲಿ ತೆಗೆದು ಮಹಾಂತಯ್ಯನ ಕೈ ಮೇಲೆ ಹಾಸಿದ. ಇಬ್ಬರ ಬೆರಳುಗಳು ವಲ್ಲಿಯ ಕೆಳಗೆ ಹಿಚುಕಾಡಿದವು. ಸಂತೆಯಲ್ಲಿ ಬೆಲೆ ಆಡುವುದೇ ಹಾಗೆ, ಬಾಯಿಬಿಟ್ಟು ಹೇಳುವಂತಿಲ್ಲ.

‘ಕುದುರ್ತು ನೋಡ್ರಿ ಯವ್ವಾ, ನಾಕನೂರಾ ಎಪ್ಪತ್ತೈದು,’ ಎಂದು ಗಡಿಗೆಪ್ಪ ಪರದೆಯ ಕಡೆ ಕೂಗಿದ.

‘ಯಾರ ಜೋಡಿ ಕುದುರ್ತು? ವಲ್ಲಿ ಬುಡಕ ನನ್ನ ಬೆರಳಿದ್ದಿಲ್ಲಲ್ಲ.’

‘ಹೆಣಮಕ್ಕಳು ಪರಗಂಡಸರ ಕೈ ಹಿಡದು ಬೆಲಿ ಮಾಡಾಕ ಆಗ್ತದೇನ್ರಿ? ಅದಕ್ಕಽ ನಾ ಇರೋದು.’

ಪರದೆ ಸರಿಯಿತು. ಬುರ್ಖಾ ತೊಟ್ಟ ಉಮ್ಮೇ ಕುಲ್ಸುಮ್ ಅಂಗಳಕ್ಕೆ ಬಂದಾಗ ಓಣಿಯ ಮಂದಿ ಬಾಗಿಲಿಗೆ ಬಂದು ನಿಂತರು. ಅವಳ ದನಿ ನಡುಗಲಿಲ್ಲ.

‘ಮುರದದ್ದಕ್ಕ ಇನ್ನೂರೈವತ್ತು ನಾನಽ ಬಿಟ್ಟೀನಿ. ಉಳದದ್ದು ಒಂಬೈನೂರೈವತ್ತು. ಅದ್ರಾಗ ಅರ್ಧಾ ಯಾಕ ಕಡದ್ರಿ? ಬಾಯಿ ಬಿಟ್ಟು ಹೇಳ್ರಿ ಅಯ್ಯಾರ.’

ಮಹಾಂತಯ್ಯ ಕೆಮ್ಮಿದ. ‘ಸಿಟ್ಟಾಗಬ್ಯಾಡ ತಂಗಿ. ಧಣಿಗೆ ಆಗಿಬರಲಾರದ ಎತ್ತಿಗೆ ಅರ್ಧಾ ಬೆಲಿ, ಇದು ನಮ್ಮ ಕಡೆ ರೀತಿ. ಈ ಗಾಡಿ ಧಣೀನ್ನ ತಿಂದದ ಅಂತ ಊರೆಲ್ಲಾ ಅಂತದ.’

‘ತಿಂದಿದ್ದು ಖರೇ ಅಂದ್ರ ನೀವ್ಯಾಕ ಒಯ್ತೀರಿ? ಮನಿಯಾಗ ಹೆಂಡ್ತಿ ಮಕ್ಕಳು ಇಲ್ಲೇನು? ಅರ್ಧಾ ರೊಕ್ಕ ಕೊಟ್ರ ನಿಮ್ಮನ್ನ ಅರ್ಧಾ ತಿಂತದೇನು?’

ಯಾರೋ ಕಿಸಕ್ಕನೆ ನಕ್ಕರು. ಮಹಾಂತಯ್ಯನ ಮುಖ ಕೆಂಪಾಯಿತು. ‘ಲಿಂಬಿಹಣ್ಣು ಕೊಯ್ದು ಒಂದು ತೆಂಗಿನಕಾಯಿ ಒಡದ್ರ ದೋಷ ಹೋಗ್ತದವಾ, ನಾ ಏನು ಅಷ್ಟು ತಿಳೀಲಾರದವನಲ್ಲ,’ ಎಂದ.

‘ಹೌದಲ್ರಿ? ಲಿಂಬಿಹಣ್ಣು, ತೆಂಗಿನಕಾಯಿ ಸೇರಿ ನಾಕಾಣೆ. ಹಂಗಾದ್ರ ನಾಕಾಣೆ ಕಡಿಮಿ ಕೊಡ್ರಿ!’

ಓಣಿಗೆ ಓಣಿಯೇ ಗೊಳ್ಳೆಂದಿತು. ಉಮ್ಮೇ ಕುಲ್ಸುಮ್ ನಗಲಿಲ್ಲ. ‘ಮುರದದ್ದಕ್ಕ ಎಷ್ಟಾದ್ರೂ ಕಡೀರಿ. ನನ್ನ ಗಂಡ ಸತ್ತದ್ದಕ್ಕ ಒಂದು ದುಡ್ಡೂ ಕಡೀಬ್ಯಾಡ್ರಿ,’ ಎಂದು ಒಳಗೆ ಹೋದಳು. ಮಹಾಂತಯ್ಯ ಬಂದ ದಾರಿ ಹಿಡಿದ. ಗಡಿಗೆಪ್ಪ ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡು, ‘ಇನ್ನ ಯಾರೂ ಈ ಹೊಸ್ತಿಲಾ ತುಳಿಯಂಗಿಲ್ಲ,’ ಎಂದು ಶಾಪ ಹಾಕಿದಂತೆ ಹೇಳಿದ.

ಅವನ ಮಾತು ನಿಜವಾಯಿತು. ಮಳೆಗಾಲ ಬಂದು ಹೋಯಿತು, ಕೊಳ್ಳುವವರ ಸುಳಿವಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನೆರೆಯವರು ಅವಳಿಗೆ ಕೇಳುವಂತೆಯೇ ಆಡಿಕೊಂಡರು. ಕೆಲವು ದಿನ ಅಂಬಲಿ ಮಗಳ ಪಾಲಿಗಷ್ಟೇ ಸಾಕಾಗುತ್ತಿತ್ತು. ನಾಕನೂರಾ ಎಪ್ಪತ್ತೈದಕ್ಕೆ ಹೂಂ ಅಂದಿದ್ದರೆ ಎಂಬ ಯೋಚನೆ ಅವಳಿಗೂ ಬಂತು, ಬರಲಿಲ್ಲ ಎಂದರೆ ಸುಳ್ಳು. ಆದರೆ ಆ ದುಡ್ಡಿನಲ್ಲಿ ಕೊಂಡ ಎಮ್ಮೆಯ ಹಾಲು ಕರೆಯುವಾಗಲೆಲ್ಲ, ಹೌದು ನನ್ನ ಗಂಡನನ್ನು ಈ ಗಾಡಿಯೇ ತಿಂದಿತು ಎಂದು ಒಪ್ಪಿದಂತಾಗುತ್ತದೆ. ಅದು ಅವಳ ಗಂಟಲಲ್ಲಿ ಇಳಿಯಲಿಲ್ಲ. ಮುಚ್ಚದ ಬಾಗಿಲಿನಿಂದ ಅವಳ ಕೋಳಿಗಳು ಮೋಟಾರಿನೊಳಗೆ ಸೇರಿ ಹಿಂದಿನ ಸೀಟಿನ ಮೇಲೆ ಕಾವಿಗೆ ಕೂತವು.

ಹತ್ತಿ ಬಿಡಿಸುವ ಕಾಲಕ್ಕೆ ಮಹಾಂತಯ್ಯ ತಾನೇ ಬಂದ, ಗಡಿಗೆಪ್ಪನ ಜೊತೆಗೇ. ಜಿನ್ನಿಂಗ್ ಕಾರಖಾನೆಗೆಂದು ರಾಯಚೂರಿಗೆ ಓಡಾಡುವುದಿತ್ತು, ಸಾವಿರದೊಳಗೆ ಇನ್ನೊಂದು ಗಾಡಿ ಎಲ್ಲೂ ಸಿಕ್ಕಿರಲಿಲ್ಲ. ಪರದೆಯ ಹತ್ತಿರ ನಿಂತು ದನಿ ತಗ್ಗಿಸಿದ.

‘ಪೂರಾ ಒಂಬೈನೂರೈವತ್ತು ಕೊಡ್ತೀನಿ ತಂಗಿ. ಆದ್ರ ವಲ್ಲಿ ಬುಡಕ ಮುಗೀಲಿ. ಮಂದಿ ಕೇಳಿದ್ರ ಅರ್ಧಾಕ್ಕ ಕೊಟ್ಟೆ ಅನ್ನು. ನಂದೂ ಮರ್ಯಾದಿ ಅದ ನೋಡು.’

ಪೂರಾ ಹಣ! ಎರಡು ಎಮ್ಮೆ ಅಂಗಳದಲ್ಲಿ ಬಂದು ನಿಂತಂತಾಯಿತು. ಉಮ್ಮೇ ಕುಲ್ಸುಮ್ ಕಣ್ಣು ಮುಚ್ಚಿದಳು. ಕುಡಿದು ಗುದ್ದಿದ್ದನಂತೆ ಎಂಬ ಮಾತು ಕಿವಿಯಲ್ಲಿ ಇನ್ನೂ ಇತ್ತು.

‘ಆಗಂಗಿಲ್ರಿ.’

‘ರೊಕ್ಕ ಪೂರಾ ಬರ್ತದಲ್ಲವಾ, ಮತ್ತೇನು ಬೇಕು?’

‘ಅರ್ಧಾ ಬೆಲಿ ಓಣ್ಯಾಗ ಕೂಗಿ ಹೇಳಿದ್ರಿ. ಪೂರಾ ಬೆಲೀನೂ ಓಣ್ಯಾಗಽ ಹೇಳ್ರಿ. ಇಲ್ಲಂದ್ರ ಗಾಡಿ ಕೋಳಿಗೇ ಇರಲಿ.’

ಗಡಿಗೆಪ್ಪ ಅಭ್ಯಾಸಬಲದಿಂದ ವಲ್ಲಿಗೆ ಕೈ ಹಾಕಿದ. ಅದನ್ನು ಮಹಾಂತಯ್ಯನೇ ತಳ್ಳಿದ. ಆಮೇಲೆ ಓಣಿಗೆ ಮುಖ ಮಾಡಿ, ‘ಅಮೀರ್ ಸಾಬನ ಗಾಡಿ ಒಂಬೈನೂರೈವತ್ತಕ್ಕ ತಗೊಂಡೀನ್ರಪ್ಪಾ! ಅದ್ರಾಗ ದೋಷಗೀಷ ಏನಿಲ್ಲ!’ ಎಂದು ಕೂಗಿದ. ಒಳಗೆ ಉಮ್ಮೇ ಕುಲ್ಸುಮ್ ಗೋಡೆಗೆ ಒರಗಿ, ಗಂಡ ಸತ್ತ ದಿನವೂ ಅಳದಷ್ಟು ಅತ್ತಳು.

ಅತ್ತು, ಮುಖ ತೊಳೆದುಕೊಂಡು ಹೊರಗೆ ಬಂದಳು. ಅವನು ಕೊಟ್ಟ ಹಣದಿಂದ ಇಪ್ಪತ್ತು ರೂಪಾಯಿ ತೆಗೆದು ಮಡ್‌ಗಾರ್ಡಿನ ಮೇಲಿಟ್ಟಳು. ‘ಕೋಳಿ ಸೀಟು ಕೆದರ್ಯಾವ. ಅದಕ್ಕ.’

ಮಹಾಂತಯ್ಯನ ಚೀಲದಿಂದ ತೆಂಗಿನಕಾಯಿಯ ಜುಟ್ಟು ಇಣುಕುತ್ತಿತ್ತು. ಅವಳು ಅದನ್ನು ನೋಡಿದ್ದು ಅವನಿಗೂ ತಿಳಿಯಿತು. ನಾಚಿಕೊಂಡು ಕಾಯಿ ತೆಗೆದು ಅವಳ ಕಟ್ಟೆಯ ಮೇಲಿಟ್ಟು ಗಾಡಿ ಹತ್ತಿದ.

ದೋಷದ ಕಾಯಿ ಮನೆಯೊಳಗೆ ತರಬೇಡ ಎಂದು ನೆರೆಯವರು ಎಷ್ಟು ಹೇಳಿದರೂ ಅವಳು ಕೇಳಲಿಲ್ಲ. ಒಡೆದು, ತುರಿದು, ಹಸಿಮೆಣಸಿನಕಾಯಿ ಹಾಕಿ ಚಟ್ನಿ ಅರೆದಳು. ಮಗಳಿಗೂ ಬಡಿಸಿ ತಾನೂ ರೊಟ್ಟಿಗೆ ಹಚ್ಚಿಕೊಂಡು ಹೊಟ್ಟೆ ತುಂಬ ತಿಂದಳು. ಆ ಚಟ್ನಿ ತಿಂದವಳು ವಾಹಿದಾಳ ಮಕ್ಕಳ ಮದುವೆಯನ್ನೂ ಕಂಡೇ ಹೋದಳು.