ಕಲೀಮುಲ್ಲಾ ಉರುಳಿಸಿದ ರೋಲರ್

ಹೆರಾನ್ಸ್ ತಂಡ ಹುಟ್ಟಿ ಎರಡೇ ವರ್ಷ. 2023ರ ಸೀಸನ್‌ನಲ್ಲಿ ಅರವತ್ತೊಂದು ಪಂದ್ಯ ಸೋತಿತ್ತು. ಸಂಬಳ ತೆಗೆದುಕೊಂಡು ಬೇಸ್‌ಬಾಲ್ ಆಡುವವರು ಹೀಗೂ ಸೋಲಬಹುದೇ ಎಂದು ನೋಡುವವರಿಗೆ ಮೊದಮೊದಲು ಸಿಟ್ಟು ಬರುತ್ತಿತ್ತು, ಆಮೇಲೆ ಅದೂ ಬರಲಿಲ್ಲ. ಈಗ ಒಂದೇ ಪಂದ್ಯ ಉಳಿದಿತ್ತು. ಲೀಗಿನವರ ನಿಯಮವೋ ಕಟುಕರದ್ದು. ಅಂಕಪಟ್ಟಿಯಲ್ಲಿ ಕಟ್ಟಕಡೆಗೆ ಉಳಿದ ತಂಡಕ್ಕೆ ಮುಂದಿನ ವರ್ಷ ಜಾಗವಿಲ್ಲ. ಭಾನುವಾರ ಗೆದ್ದರೆ ಬಚಾವು, ಸೋತರೆ ಬಾಗಿಲು ಬಂದ್.

ಬಾಗಿಲು ಬಂದ್ ಆದರೆ ಕಲೀಮುಲ್ಲಾನ ಕೆಲಸವೂ ಹೋಗುತ್ತಿತ್ತು. ಆಶ್‌ಬರ್ನ್ ಪಟ್ಟಣದಿಂದ ಮುಕ್ಕಾಲು ಗಂಟೆ ದೂರದ, ತಂಡದ ಮೈದಾನದ ನೆಲ ನೋಡಿಕೊಳ್ಳುವವನು ಅವನು. ಮೈಸೂರಿನ ಒಂದು ಕ್ರಿಕೆಟ್ ಕ್ಲಬ್ಬಿನಲ್ಲಿ ಇಪ್ಪತ್ತೆರಡು ವರ್ಷ ಪಿಚ್ಚನ್ನು ಮಗುವಿನ ಹಾಗೆ ಸಾಕಿದ್ದ. ಹೆಂಡತಿ ಕನೀಜ್‌ಗೆ ಈ ದೇಶದಲ್ಲಿ ನರ್ಸ್ ಕೆಲಸ ಸಿಕ್ಕಿ, ಅವಳ ಹಿಂದೆ ಬಂದು, ಮೂರು ವರ್ಷ ಗೋಡೌನಿನಲ್ಲಿ ಪೆಟ್ಟಿಗೆ ಎತ್ತಿದ. ಐವತ್ತು ದಾಟಿದ ಮೇಲೆ ಮತ್ತೆ ಕೈಗೆ ಮಣ್ಣು ಸಿಕ್ಕಿತ್ತು. ಅದೂ ಹೋದರೆ ಪುನಃ ಪೆಟ್ಟಿಗೆಯೇ ಗತಿ.

ಶನಿವಾರದ ಪಂದ್ಯದಲ್ಲಿ ಚೆಂಡು ಒಂದು ಹೆಂಟೆಗೆ ತಾಗಿ ಎಗರಿ, ನಮ್ಮ ಹೆರಾನ್ಸ್ ಆಟಗಾರನೊಬ್ಬನ ಗಲ್ಲಕ್ಕೆ ಬಡಿಯಿತು. ಪ್ರತಿ ಪಂದ್ಯಕ್ಕೂ ತಪ್ಪದೆ ಬರುತ್ತಿದ್ದ ಉಡುಪಿ ಕಡೆಯ ರಘುಪತಿ ಗ್ಯಾಲರಿಯಿಂದಲೇ ಕೂಗಿದ.

“ಎಂತ ಕಲೀಂ ಭಾಯ್, ಇದು ಗ್ರೌಂಡಾ ಗದ್ದೆಯಾ? ಬಾಲು ಕಪ್ಪೆ ಹಾರಿದ ಹಾಗೆ ಹಾರ್ತದೆ ಮಾರಾಯ್ರೆ!”

“ಸುಮ್ನೆ ಕೂತ್ಕೊಳ್ರೀ ರಘುಪತಿ! ನಾಳೆ ಬಂದ್ ನೋಡಿ, ಹೆಂಗಿರತ್ತೆ ಅಂತ.”

ಮಾತು ನಾಟಿತ್ತು. ಭಾನುವಾರ ಬೆಳಿಗ್ಗೆ ಅವನ ಮೇಲಿನ ಮೇಸ್ತ್ರಿ ಬೆನ್ನು ಹಿಡಿದು ಮಲಗಿದ್ದ. ಬೇಸ್‌ಗಳ ನಡುವಿನ ಮಣ್ಣು ಕೆರೆದು, ನೀರು ಚಿಮುಕಿಸು, ಬೇರೇನೂ ಮಾಡಬೇಡ ಎಂದು ಫೋನಿನಲ್ಲಿ ಹೇಳಿದ. ಎರಡು ವರ್ಷದಿಂದ ಇದೇ ಕೆರೆತ! ಆಡುವ ನೆಲವನ್ನು ಯಾರಾದರೂ ಕೋಳಿಯ ಹಾಗೆ ಕೆದಕುತ್ತಾರೆಯೇ? ಹುಲ್ಲಿಗೆಂದು ಇಟ್ಟಿದ್ದ ಭಾರದ ರೋಲರನ್ನು ಕಲೀಮುಲ್ಲಾ ಶೆಡ್ಡಿನಿಂದ ಹೊರತೆಗೆದ. ನೀರು ಕುಡಿಸಿದ, ಇಂಗಲು ಬಿಟ್ಟ, ಬಿಸ್ಮಿಲ್ಲಾ ಎಂದು ಎರಡೂವರೆ ಗಂಟೆ ಉರುಳಿಸಿದ. ಬಿಸಿಲಿಗೆ ಒಣಗಿದ ಮೇಲೆ ನೆಲ ಗಾರೆ ಹಾಕಿದ ಹಾಗಾಯಿತು. ಗೆಣ್ಣಿನಿಂದ ಬಡಿದು ನೋಡಿದ. ಟಕ್ ಎಂದಿತು. ಎಷ್ಟೋ ವರ್ಷಗಳ ಮೇಲೆ ಆ ಸದ್ದು ಕೇಳಿದ್ದ.

ಆ ದಿನ ನಮ್ಮ ಕಡೆಯಿಂದ ಚೆಂಡೆಸೆಯುವವನಿಗೆ ವೇಗವಿರಲಿಲ್ಲ, ಒಂದು ಉಪಾಯವಿತ್ತು. ಎದುರಾಳಿ ನೆಲಕ್ಕೇ ಹೊಡೆಯುವ ಹಾಗೆ ತಗ್ಗಿಸಿ ಎಸೆಯುತ್ತಿದ್ದ. ಸಡಿಲ ಮಣ್ಣು ಚೆಂಡಿನ ವೇಗ ತಿನ್ನುತ್ತಿತ್ತು, ನಮ್ಮವರು ಹೆಕ್ಕಿ ಎಸೆದು ಔಟ್ ಮಾಡುತ್ತಿದ್ದರು. ಕಲೀಮುಲ್ಲಾ ಇದನ್ನು ನೂರು ಸಲ ನೋಡಿದ್ದ. ನೋಡಿದ್ದು ರೋಲರ್ ಎಳೆಯುವಾಗ ನೆನಪಾಗಲಿಲ್ಲ ಅಷ್ಟೆ.

ಒಂಬತ್ತನೆಯ, ಕೊನೆಯ ಇನ್ನಿಂಗ್ಸ್. ಒಂದು ರನ್ ಮುಂದಿದ್ದೆವು, ಇನ್ನೊಂದು ಔಟ್ ಸಾಕಿತ್ತು. ಬೇಸ್‌ಗಳ ಮೇಲೆ ಅವರ ಇಬ್ಬರು ಓಡಲು ಕಾದಿದ್ದರು. ಚೆಂಡು ಬ್ಯಾಟಿನ ಅಂಚಿಗೆ ತಾಗಿ ನೆಲಕ್ಕೆ ಬಿತ್ತು. ಬೇರೆ ದಿನವಾಗಿದ್ದರೆ ಮಕ್ಕಳೂ ಹಿಡಿಯುವ ಚೆಂಡು. ಇವತ್ತು ಸುಯ್ಯೆಂದು ಜಾರಿ, ಬಗ್ಗಿದವನ ಕಾಲ ಸಂದಿಯಿಂದ ಹುಲ್ಲಿಗೆ ಓಡಿತು. ಇಬ್ಬರೂ ಓಡಿ ಕೊನೆಯ ಬೇಸ್ ಮುಟ್ಟಿದರು, ಎರಡು ರನ್. ಆಮೇಲೆ ಬ್ಯಾಟ್ ಹಿಡಿದ ನಮ್ಮವರು ಒಂದು ರನ್ನನ್ನೂ ಹೊಡೆಯಲಿಲ್ಲ, ಸೋತೆವು.

ಕೋಚ್ ಬಂದು ಶೂಸಿನ ಮೊಳೆಯನ್ನು ನೆಲಕ್ಕೆ ಒತ್ತಿದ. ಇಳಿಯಲಿಲ್ಲ. ಯಾರು ರೋಲರ್ ಹೊಡೆದದ್ದು ಎಂದು ಕೇಳಿದ. ಕಲೀಮುಲ್ಲಾ ಕೈ ಎತ್ತಿದ. ಕೋಚ್ ಟೋಪಿ ತೆಗೆದು, ತಲೆ ಕೆರೆದುಕೊಂಡು, ಒಳಗೆ ಹೋಗಿಬಿಟ್ಟ. ನಾಲ್ಕು ಬೈದಿದ್ದರೂ ಚೆನ್ನಾಗಿತ್ತು.

ರಘುಪತಿ ಕೆಳಗಿಳಿದು ಬಂದ. “ಬ್ಯಾಡ್ ಲಕ್ ಭಾಯ್. ಆದ್ರೆ ಗ್ರೌಂಡ್ ಮಾತ್ರ ಇವತ್ತು ಫಸ್ಟ್ ಕ್ಲಾಸ್. ಒಂದು ಹೊಂಡ ಇಲ್ಲ.”

“ಅದ್ಕೇ ಸೋತಿದ್ದು ರಘುಪತಿ. ನಾನೇ ಸೋಲಿಸ್ದೆ.”

“ತಮಾಷೆ ಮಾಡ್ತೀರಾ?”

ರಘುಪತಿ ಕಾರಿನ ಕಡೆ ನಡೆದ. ಕಲೀಮುಲ್ಲಾ ದಿಂಬಿನಂಥ ಮೂರು ಬೇಸ್‌ಗಳನ್ನೂ ಕಿತ್ತು ಹುಲ್ಲಿನ ಮೇಲೆ ಇಟ್ಟ. ಇವನ್ನು ಇನ್ನು ಎಲ್ಲಿಡಬೇಕೆಂದು ಕೇಳೋಣವೆಂದರೆ ಅಲ್ಲಿ ಯಾರೂ ಉಳಿದಿರಲಿಲ್ಲ.